ಹತ್ತಿರದ ಬಾಗಿಲು ಎಲ್ಲಿದೆ? — ಒಂದು ಹುಡುಕಾಟದ ಚರಿತ್ರೆ

ಊರಿನಿಂದ ಬಂದ ನೆಂಟರಿಗೆ ಮುಂಬಯಿ ತೋರಿಸುವುದು ನಮ್ಮಂಥ ಹೊರನಾಡ ಕನ್ನಡಿಗರಿಗೆ ತಪ್ಪದ ಕರ್ತವ್ಯ. ಕೆಲವು ತಿಂಗಳ ಹಿಂದೆ ಧಾರವಾಡದಿಂದ ನಮ್ಮ ಕಾಕಾ ಬಂದಿದ್ದರು. ವಯಸ್ಸು ಎಂಬತ್ತರ ಸಮೀಪ. ಗ್ಲಾಕೋಮಾದಿಂದ ಕಣ್ಣು ಮಂಜು, ಮೊಣಕಾಲು ನೋವು, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಆದರೂ ತಿರುಗಾಟದ ಹುಮ್ಮಸ್ಸಿಗೆ ಕೊರತೆಯಿಲ್ಲ. ದಾದರಿನ ಹೂವಿನ ಪೇಟೆಯನ್ನು ನೋಡಿಯೇ ತೀರಬೇಕೆಂದರು. ಹೋದೆವು. ಅರ್ಧ ಗಂಟೆ ಆಗಿರಬಹುದು, ಕಾಕಾ ನನ್ನ ತೋಳು ಹಿಡಿದು ಮೆಲ್ಲನೆ ಕೇಳಿದರು:

"ತಮ್ಮಾ, ಇಲ್ಲೆ ಎಲ್ಯರೆ ಒಂದಕ್ಕ ಹೋಗೂ ಜಾಗಾ ಅದ ಏನು?"

ನಾನು ಠೀವಿಯಿಂದ ಮೊಬೈಲು ಹೊರತೆಗೆದೆ. ಸಾರ್ವಜನಿಕ ಸೌಕರ್ಯಗಳನ್ನು ತೋರಿಸಿಕೊಡುವ ಆ್ಯಪ್ ಒಂದನ್ನು ಮಗ ಅದರಲ್ಲಿ ಹಾಕಿಕೊಟ್ಟಿದ್ದ. ತೆರೆದೆ. ಮೊದಲು ಅದು ನನ್ನ ಫೋನ್ ನಂಬರು ಕೇಳಿತು. ಬಳಿಕ ಆರು ಅಂಕಿಗಳ ಓಟಿಪಿ ಬಂತು. ಅದನ್ನು ಒತ್ತಿದ ಮೇಲೆ ಒಂದು ಜಾಹೀರಾತು, ಆ ಮೇಲೆ ಒಂದು ನಕ್ಷೆ. ನಕ್ಷೆಯ ತುಂಬ ಹಸಿರು, ಕೆಂಪು ಚುಕ್ಕೆಗಳು, ಇರುವೆಯ ಸಾಲಿನಂಥ ಅಕ್ಷರಗಳು. ಒಂದು ಹಸಿರು ಚುಕ್ಕೆಯ ಜಾಡು ಹಿಡಿದು ನಡೆದರೆ ಅಲ್ಲಿ ತಗಡಿನ ಬೇಲಿ, ಒಳಗೆ ಅಗೆತದ ಕೆಲಸ. ಎರಡನೆಯ ಚುಕ್ಕೆಯಲ್ಲಿ ಕಟ್ಟಡವೇನೋ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಮೂರನೆಯದು ತೆರೆದಿತ್ತು, ಆದರೆ ಹಿಡಿಕೆಯಿಲ್ಲದ ಆರು ಎತ್ತರದ ಮೆಟ್ಟಿಲುಗಳ ಮೇಲೆ. ಕಾಕಾನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಆ ಡಬ್ಬಿ ಕಿಸೇದಾಗ ಇಟಗೋಳೊ ಮಾರಾಯಾ. ಯಾರರೆ ಮನಶ್ಯಾರನ್ನ ಕೇಳು."

ರಸ್ತೆಬದಿಯ ಚಹಾದವನನ್ನು ಕೇಳಿದೆ. ಅವನು ಗಾಜಿನ ಲೋಟ ತೊಳೆಯುತ್ತಲೇ ಮರಾಠಿಯಲ್ಲಿ ಹೇಳಿದ: "ಆ ಔಷಧದ ಅಂಗಡಿಯ ಪಕ್ಕದ ಗಲ್ಲಿಯಲ್ಲಿ, ಐವತ್ತು ಹೆಜ್ಜೆ. ಈಗ ತೆರೆದಿದೆ. ಚಿಲ್ಲರೆ ಇಟ್ಟುಕೊಳ್ಳಿ. ಬಾಗಿಲಲ್ಲಿ ಒಂದೇ ಮೆಟ್ಟಿಲು, ಅಜ್ಜನ ಕೈ ಹಿಡಿಯಿರಿ."

ಮನೆಗೆ ಮರಳಿದ ಮೇಲೆ ಈ ಮಾತು ತಲೆಯಲ್ಲಿ ಕೊರೆಯತೊಡಗಿತು. ಎಷ್ಟು ದೂರ, ಯಾವ ಗುರುತು, ತೆರೆದಿದೆಯೇ, ಹಣ ಬೇಕೇ, ಈ ಮುದುಕರಿಗೆ ಹತ್ತಲಾದೀತೇ? ಚಹಾದವನು ಒಂದೇ ಉಸಿರಿನಲ್ಲಿ ಐದು ಸಂಗತಿಗಳನ್ನು ಹೇಳಿದ. ಲಕ್ಷಾಂತರ ರೂಪಾಯಿ ಸುರಿದು ಮಾಡಿದ ಯಂತ್ರ ಅದರಲ್ಲಿ ಒಂದನ್ನೂ ನೆಟ್ಟಗೆ ಹೇಳಲಿಲ್ಲ. ಏಕೆ ಹೀಗೆ? ಉತ್ತರ ಹುಡುಕುತ್ತ ಹಿಂದಕ್ಕೆ ಹೋದಾಗ ತಿಳಿದದ್ದೇನೆಂದರೆ, ಸೌಕರ್ಯವನ್ನು ಕಟ್ಟುವುದಕ್ಕೂ ಅದು ಬೇಕಾದವನಿಗೆ ಸಿಗುವುದಕ್ಕೂ ನಡುವೆ ಇರುವ ಅಂತರ ಇಂದಿನದಲ್ಲ. ಅದಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ವಿಷಯ ಮಡಿವಂತರಿಗೆ ತುಸು ಮುಜುಗರದ್ದು. ಆದರೆ ಮುಜುಗರದಿಂದಲೇ ಈ ಚರಿತ್ರೆ ಇಷ್ಟು ನಿಧಾನವಾಗಿ ಸಾಗಿತೆಂಬುದನ್ನು ಮುಂದೆ ವಾಚಕರೇ ಕಾಣುವರು.

ಒಂದು ಪೆನ್ನಿಯ ಕತೆ

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಗಾಜಿನ ಅರಮನೆ, ಜಗತ್ತಿನ ಯಂತ್ರಗಳು, ನಮ್ಮ ದೇಶದಿಂದ ಹೋದ ಕೊಹಿನೂರ್ ವಜ್ರ, ಇವೆಲ್ಲ ನಮಗೆ ಗೊತ್ತು. ಅಲ್ಲಿ ಜಾರ್ಜ್ ಜೆನಿಂಗ್ಸ್ ಎಂಬ ಕೊಳಾಯಿ ಕೆಲಸದ ಗುತ್ತಿಗೆದಾರ ನೀರು ಹರಿಯುವ ಶೌಚಗೃಹಗಳನ್ನು ಸ್ಥಾಪಿಸಿದ ಸಂಗತಿ ಅಷ್ಟಾಗಿ ಗೊತ್ತಿಲ್ಲ. ಒಂದು ಪೆನ್ನಿ ಕೊಟ್ಟರೆ ಶುಭ್ರವಾದ ಆಸನ, ಟವೆಲು, ಬಾಚಣಿಗೆ. ಬೂಟಿಗೆ ಪಾಲಿಶ್ ಸಹ. 8,27,280 ಜನ ಪೆನ್ನಿ ಕೊಟ್ಟು ಒಳಗೆ ಹೋದರೆಂದು ಲೆಕ್ಕವಿದೆ. ಇಂಗ್ಲಿಷರ ಬಾಯಲ್ಲಿ 'ಪೆನ್ನಿ ಖರ್ಚುಮಾಡಿ ಬರುವುದು' ಎಂಬ ಮಾತು ಹುಟ್ಟಿದ್ದು ಇಂಥ ಒಂದು ಪೆನ್ನಿಯ ಶೌಚಗೃಹಗಳಿಂದಲೇ. ಪ್ರದರ್ಶನದ ಕಟ್ಟಡವನ್ನು ಸಿಡನ್‌ಹ್ಯಾಮಿಗೆ ಸಾಗಿಸಿದಾಗ ಈ ಸೌಕರ್ಯ ಬೇಡವೆಂದವರಿದ್ದರು. ಜನ ಅಲ್ಲಿಗೆ ಬರುವುದು ಕೈ ತೊಳೆಯಲಿಕ್ಕಲ್ಲ ಎಂಬುದು ಅವರ ವಾದ. ಜೆನಿಂಗ್ಸ್ ಪಟ್ಟು ಬಿಡಲಿಲ್ಲ. ಅವನೇ ಗೆದ್ದ.

ಮರುವರ್ಷ, 1852ರ ಫೆಬ್ರವರಿಯಲ್ಲಿ, ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಗಂಡಸರಿಗೂ ಬೆಡ್‌ಫರ್ಡ್ ಸ್ಟ್ರೀಟಿನಲ್ಲಿ ಹೆಂಗಸರಿಗೂ ಇಂಥ ಗೃಹಗಳನ್ನು ತೆರೆದರು. ಪ್ರದರ್ಶನದ ಯಶಸ್ಸು ಇಲ್ಲಿ ಮರುಕಳಿಸಲಿಲ್ಲ. ಜನ ಬರಲಿಲ್ಲ, ಅವು ಬೇಗನೆ ಮುಚ್ಚಿದವು. ಅವುಗಳಿಗೆ ಇಟ್ಟಿದ್ದ ಹೆಸರು ಕೇಳಿ: 'ಸಾರ್ವಜನಿಕ ನಿರೀಕ್ಷಣಾ ಕೊಠಡಿ'! ಹೆಸರು ಹೇಳಲು ನಾಚಿಕೆ. ದರ ಹೆಚ್ಚಾಗಿದ್ದದ್ದೂ ಕಾರಣವಿದ್ದೀತು. ಆದರೆ ಅವಸರದಲ್ಲಿರುವವನು 'ನಿರೀಕ್ಷಣಾ ಕೊಠಡಿ' ಎಂಬ ಬೋರ್ಡನ್ನು ನೋಡಿ ಒಳಗೆ ನುಗ್ಗುವನೇ? ಪ್ರದರ್ಶನದೊಳಗೆ ಜನಕ್ಕೆ ಜಾಗ ಕಣ್ಣೆದುರೇ ಇತ್ತು. ಬೀದಿಯಲ್ಲಿ ಅದನ್ನು ಹುಡುಕಬೇಕಿತ್ತು. ಕಟ್ಟಿದರೆ ಸಾಲದು, ಅದು ಏನೆಂದು ಸ್ಪಷ್ಟವಾಗಿ ಹೇಳಬೇಕು. ಚರಿತ್ರೆಯ ಮೊದಲನೆಯ ಪಾಠವಿದು.

ಹೆಂಗಸರ ಪಾಲಿಗೆ

ಎರಡನೆಯ ಪಾಠ ಹೆಂಗಸರದು. ನಗರಗಳು ಗಂಡಸರಿಗಾಗಿ ಮೂತ್ರಾಲಯಗಳನ್ನು ಕಟ್ಟಿದ ಎಷ್ಟೋ ವರ್ಷಗಳ ತನಕ ಹೆಂಗಸರಿಗೆ ಏನೂ ಇರಲಿಲ್ಲ. ಮನೆಯಿಂದ ಎಷ್ಟು ದೂರ ಹೋಗಬಹುದೆಂಬುದನ್ನು ಅವರ ದೇಹವೇ ನಿರ್ಧರಿಸುತ್ತಿತ್ತು. ಹಸುವಿಗೆ ಕಟ್ಟಿದ ಹಗ್ಗದ ಉದ್ದದಷ್ಟೇ ಮೇವು ಎಂಬಂತೆ.

ನಾಟಕಕಾರ ಬರ್ನಾರ್ಡ್ ಷಾ 1897ರಿಂದ 1903ರ ವರೆಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಸಿನ ಸ್ಥಳೀಯ ಆಡಳಿತದಲ್ಲಿ ಸದಸ್ಯನಾಗಿದ್ದ. ಕ್ಯಾಮ್ಡನ್ ಟೌನಿನ ಪಾರ್ಕ್ ಸ್ಟ್ರೀಟಿನಲ್ಲಿ ಹೆಂಗಸರಿಗಾಗಿ ಒಂದು ಶೌಚಗೃಹ ಕಟ್ಟಬೇಕೆಂಬ ಸೂಚನೆ ಸಭೆಗೆ ಬಂದಾಗ ದೊಡ್ಡ ರಾದ್ಧಾಂತವಾಯಿತು. ಇಂಥ ಸ್ಥಳವನ್ನು ಕೇಳುವವಳು ಹೆಣ್ಣೇ ಅಲ್ಲವೆಂಬಲ್ಲಿಯ ತನಕ ಮಾತು ಬೆಳೆಯಿತು. ಎಷ್ಟು ಜಾಗ ಹಿಡಿದೀತೆಂದು ನೋಡಲು ರಸ್ತೆಯಲ್ಲಿ ಮರದ ಮಾದರಿಯೊಂದನ್ನು ನಿಲ್ಲಿಸಿದರೆ, ಕುದುರೆಗಾಡಿಯವರು ಬೇಕೆಂದೇ ಅದಕ್ಕೆ ಗಾಡಿ ತಾಗಿಸಿ 'ಸಂಚಾರಕ್ಕೆ ಅಡ್ಡಿ' ಎಂದು ಸಾಬೀತುಪಡಿಸಿದರು! ಷಾ ಈ ಪ್ರಸಂಗವನ್ನು ಮರೆಯಲಿಲ್ಲ. ಹೆಂಗಸರಿಗೆ ಮತಾಧಿಕಾರ ಏಕೆ ಬೇಕೆಂದು 1909ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ಆಧಾರವಾಗಿ ಹಿಡಿದ. ಗಂಡಸರು ಮಾತ್ರ ಕೂತ ಸಭೆಗೆ ಹೆಂಗಸರ ಈ ಕಷ್ಟ ಹೊಳೆಯುವುದೇ ಇಲ್ಲ, ಹೊಳೆದರೂ ನಾಲಿಗೆ ಏಳುವುದಿಲ್ಲ ಎಂಬುದು ಅವನ ವಾದದ ತಿರುಳು.

ಇದು ಪರದೇಶದ ಹಳೆಯ ಕತೆ ಎನ್ನುವಂತಿಲ್ಲ. 2011ರಲ್ಲಿ ನಮ್ಮ ಮುಂಬಯಿಯಲ್ಲೇ ಹಲವು ಸಂಸ್ಥೆಗಳು ಸೇರಿ 'ರೈಟ್ ಟು ಪೀ' ಎಂಬ ಚಳವಳಿ ಹೂಡಿದವು. ಗಂಡಸರಿಗೆ ಮೂತ್ರಾಲಯ ಉಚಿತ, ಹೆಂಗಸರು ಮಾತ್ರ ಹಣ ತೆರಬೇಕು. ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಷಾ ಕೇಳಿದ್ದೂ ಇದನ್ನೇ. ನಡುವೆ ನೂರಕ್ಕೂ ಹೆಚ್ಚು ವರ್ಷಗಳು ಉರುಳಿದ್ದವು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು, ಹೆಂಗಸರಿಗೆ ಶುಚಿಯಾದ, ಸುರಕ್ಷಿತವಾದ ಶೌಚಾಲಯಗಳನ್ನು ಒದಗಿಸುವ ಯೋಜನೆ ಮಾಡಿರೆಂದು ಮಹಾರಾಷ್ಟ್ರದ ನಗರಪಾಲಿಕೆಗಳಿಗೆ ಆದೇಶಿಸಿತು. ಲೋಕಲ್ ಗಾಡಿಯಲ್ಲಿ ದಿನಾ ಎರಡು ಗಂಟೆ ನಿಂತು ಕಚೇರಿಗೆ ಹೋಗಿಬರುವ, ದಾರಿಯ ಭಯಕ್ಕೆ ಬೆಳಗಿನಿಂದ ನೀರನ್ನೇ ಮುಟ್ಟದ ನಮ್ಮ ಅಕ್ಕತಂಗಿಯರನ್ನು ಕೇಳಿ ನೋಡಿ. ಈ ಚರಿತ್ರೆ ಇನ್ನೂ ಮುಗಿದಿಲ್ಲವೆಂದು ಹೇಳುತ್ತಾರೆ.

ಅಕ್ಷರ ಬಾರದವರಿಗೆ ಚಿತ್ರ

ಜಾಗ ಕಟ್ಟಿದ್ದಾಯಿತು, ಹೆಸರೂ ಬರೆದದ್ದಾಯಿತು. ಆದರೆ ಓದಲು ಬಾರದವನು ಏನು ಮಾಡಬೇಕು? ಆ ಊರಿನ ಭಾಷೆಯೇ ಗೊತ್ತಿಲ್ಲದವನು?

ಭಾರತ ಈ ಪ್ರಶ್ನೆಯನ್ನು ಬಹಳ ಮುಂಚೆಯೇ, ಬೇರೊಂದು ಸಂದರ್ಭದಲ್ಲಿ ಎದುರಿಸಿತ್ತು. 1951-52ರ ಮೊದಲನೆಯ ಮಹಾಚುನಾವಣೆಯಲ್ಲಿ ಮತದಾರರ ಪೈಕಿ ಬಹುತೇಕರಿಗೆ ಅಕ್ಷರಜ್ಞಾನವಿರಲಿಲ್ಲ. ಪ್ರತಿ ಪಕ್ಷಕ್ಕೂ ಎಲ್ಲರೂ ಬಲ್ಲ ಒಂದು ಚಿತ್ರವನ್ನು ಕೊಟ್ಟು ಆ ತೊಡಕನ್ನು ಬಿಡಿಸಿದರು. ಓದು ಬಾರದವನು ಓಟಿಗೆ ಅನರ್ಹನೆಂದು ಯಾರೂ ಹೇಳಲಿಲ್ಲ. ಅವನಿಗೆ ತಕ್ಕಂತೆ ಮತದಾನದ ವಿಧಾನವೇ ಬದಲಾಯಿತು.

1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ಸ್ ನಡೆಯುವುದಿತ್ತು. ಜಪಾನಿ ಲಿಪಿ ಹೊರಗಿನವರಿಗೆ ಬಾರದು, ಬಂದವರೆಲ್ಲರ ಭಾಷೆಗಳಲ್ಲಿ ಬೋರ್ಡು ಬರೆಸಲು ಗೋಡೆ ಸಾಲದು. ಕಲಾವಿಮರ್ಶಕ ಕಾತ್ಸುಮಿ ಮಾಸಾರು ಅವರ ಮುಂದಾಳುತನದಲ್ಲಿ ಯುವ ಚಿತ್ರಕಾರರು ಆಟಗಳಿಗೂ ಸೌಕರ್ಯಗಳಿಗೂ ಚಿತ್ರಸಂಕೇತಗಳನ್ನು ರಚಿಸಿದರು. ಇಂದು ಲೋಕದ ಯಾವ ವಿಮಾನನಿಲ್ದಾಣಕ್ಕೆ ಹೋದರೂ ಕಾಣುವ ಗಂಡು-ಹೆಣ್ಣಿನ ಗುರುತು ಬಳಕೆಗೆ ಬರುವುದರಲ್ಲಿ ಟೋಕಿಯೋದ ಪಾಲು ದೊಡ್ಡದು. ಆ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಚಿತ್ರಕಾರರು ಹಕ್ಕುಸ್ವಾಮ್ಯವನ್ನು ಬಿಟ್ಟುಕೊಟ್ಟರು. 1969ರಲ್ಲಿ ಮೆಕ್ಸಿಕೋ ನಗರದ ಮೆಟ್ರೋ ಆರಂಭವಾದಾಗ ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕ ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರ ಕೊಟ್ಟ. ಓದು ಬಾರದ ಕೂಲಿಯವನೂ 'ಮಿಡತೆ'ಯ ನಿಲ್ದಾಣದಲ್ಲಿ ಇಳಿಯಬಹುದು. ಅಮೆರಿಕದ ಸಾರಿಗೆ ಇಲಾಖೆ 1974ರಲ್ಲಿ 34 ಸಂಕೇತಗಳನ್ನು ಪ್ರಕಟಿಸಿತು, 1979ರ ಹೊತ್ತಿಗೆ ಅವು 50 ಆದವು.

ಚಿತ್ರಗಳಿಗೂ ಒಂದು ಮಿತಿಯಿದೆ. ಅವು ಕಣ್ಣಿದ್ದವರಿಗೆ ಮಾತ್ರ. ಅದೇ ಜಪಾನಿನಲ್ಲಿ ಮಿಯಾಕೆ ಸೆಇಚಿ ಎಂಬಾತ ಅಂಧರಿಗಾಗಿ ಉಬ್ಬು ನೆಲಹಾಸನ್ನು ಕಂಡುಹಿಡಿದ. 1967ರಲ್ಲಿ ಒಕಾಯಾಮಾ ಪಟ್ಟಣದ ಅಂಧರ ಶಾಲೆಯ ಬಳಿ ಅದನ್ನು ಮೊದಲ ಸಲ ಹಾಕಿದರು. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಕಾಣುವ ಹಳದಿ ಪಟ್ಟಿ ಅದರ ಸಂತಾನವೇ. ಅದರ ಮೇಲೆ ಬೈಕು ನಿಲ್ಲಿಸುವ ಮಹನೀಯರಿಗೆ ಇದು ತಿಳಿದಿರಲಿ.

ನಾರ್ವಿಚ್ಚಿನ ಗಾಲಿಕುರ್ಚಿಗಳು

ಸೆಲ್ವಿನ್ ಗೋಲ್ಡ್‌ಸ್ಮಿತ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿಗೆ 1956ರಲ್ಲಿ ಪೋಲಿಯೋ ತಗಲಿತು. 1963ರಲ್ಲಿ ಅವರು ಅಂಗವಿಕಲರಿಗಾಗಿ ಕಟ್ಟಡಗಳನ್ನು ಹೇಗೆ ರೂಪಿಸಬೇಕೆಂಬುದರ ಮೇಲೆ ದೊಡ್ಡ ಗ್ರಂಥವೊಂದನ್ನು ಹೊರತಂದರು. ವಾಸ್ತುಶಿಲ್ಪಿಗಳಿಗೆ ಅದು ಕೈಪಿಡಿಯಾಯಿತು. ಆದರೆ ಗೋಲ್ಡ್‌ಸ್ಮಿತ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ನಾರ್ವಿಚ್ ಪಟ್ಟಣಕ್ಕೆ ಹೋಗಿ ಗಾಲಿಕುರ್ಚಿ ಬಳಸುವ 284 ಜನರನ್ನು ಕಂಡು ಮಾತನಾಡಿಸಿದರು. ಎಲ್ಲಕ್ಕಿಂತ ಮಿಗಿಲಾಗಿ ಅವರು ಹೇಳಿಕೊಂಡ ಕೊರತೆ ಸಾರ್ವಜನಿಕ ಶೌಚಾಲಯದ್ದೇ.

ಅಲ್ಲಿ ಇನ್ನೊಂದು ಸೂಕ್ಷ್ಮವೂ ಬಯಲಾಯಿತು. ಗಾಲಿಕುರ್ಚಿಯಲ್ಲಿರುವ ಹೆಂಡತಿಯನ್ನು ತಳ್ಳಿಕೊಂಡು ಬಂದ ಗಂಡ ಹೆಂಗಸರ ಕಡೆ ಹೋಗುವಂತಿಲ್ಲ. ಗಂಡಸರ ಕಡೆ ಅವಳನ್ನು ಒಯ್ಯುವಂತಿಲ್ಲ. ಆದುದರಿಂದ ಗಂಡು-ಹೆಣ್ಣೆಂಬ ಭೇದವಿಲ್ಲದ, ಹೊರಗಿನಿಂದ ನೇರ ಬಾಗಿಲಿರುವ ಪ್ರತ್ಯೇಕ ಕೊಠಡಿ ಬೇಕೆಂದು ಅವರು ಸಾಧಿಸಿದರು. ಇಂದು ಎಲ್ಲೆಡೆ ಇರುವ ಮಾದರಿ ಅದೇ. ಈ ಸಂಗತಿ ಮೇಜಿನ ಮುಂದೆ ಕುಳಿತ ಯಾವ ಎಂಜಿನಿಯರಿಗೂ ಹೊಳೆದಿರಲಿಲ್ಲ, ಕೇಳಿದ್ದರಿಂದ ತಿಳಿಯಿತು.

ಇಂಥ ಜಾಗಗಳಿಗೆ ಗುರುತು ಬೇಕಲ್ಲ? 1968ರಲ್ಲಿ ಸೂಸಾನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಗಾಲಿಕುರ್ಚಿಯ ರೇಖಾಚಿತ್ರವೊಂದನ್ನು ಬರೆದಳು. ಆ ಚಿತ್ರದಲ್ಲಿ ಕುರ್ಚಿಯಿತ್ತು, ಮನುಷ್ಯನಿರಲಿಲ್ಲ! ಸಮಿತಿಯ ಮುಖ್ಯಸ್ಥರಾಗಿದ್ದ ಕಾರ್ಲ್ ಮೊಂಟಾನ್ ಮೇಲೊಂದು ದುಂಡು ತಲೆಯನ್ನು ಸೇರಿಸಿದರು. ಕುರ್ಚಿ ಮನುಷ್ಯನಾಯಿತು. 1969ರಲ್ಲಿ ಅದು ಅಂತರರಾಷ್ಟ್ರೀಯ ಗುರುತಾಗಿ ಅಂಗೀಕಾರ ಪಡೆಯಿತು. ಇಂದು ನಮ್ಮ ಲೋಕಲ್ ಗಾಡಿಯ ವಿಶೇಷ ಡಬ್ಬಿಯ ಮೇಲೂ ಅದೇ ನೀಲಿ-ಬಿಳಿ ಚಿತ್ರ.

1981ನೆಯ ವರ್ಷವನ್ನು ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಸಾರಿತ್ತು. ಆ ವರ್ಷ ಬ್ರಿಟನ್ನಿನಲ್ಲಿ ಒಂದು ಹೊಸ ಉಪಾಯ ಹೂಡಿದರು. ಪುಂಡರ ಕಾಟಕ್ಕೆ ಬೀಗ ಹಾಕಿದ ಸಾವಿರಾರು ಶೌಚಾಲಯಗಳಿಗೆ ಒಂದೇ ಬೀಗದಕೈ. ಅಂಗವಿಕಲರ ಬಳಿ ಅದಿದ್ದರೆ ದೇಶದಲ್ಲಿ ಎಲ್ಲಿಗೆ ಹೋದರೂ ಬಾಗಿಲು ತೆರೆದೀತು. ಎಲ್ಲೆಲ್ಲಿ ಇಂಥ ಬಾಗಿಲುಗಳಿವೆಯೆಂದು ಒಂದು ಪುಸ್ತಕವನ್ನೂ ಅಚ್ಚುಹಾಕಿ ಮಾರಿದರು. ನನ್ನ ಮೊಬೈಲಿನ ಆ್ಯಪ್‌ಗೆ ಅಜ್ಜನೆಂದರೆ ಈ ಪುಸ್ತಕವೇ. ಅಚ್ಚಿನ ಪುಸ್ತಕದ ದೋಷವೂ ಅದಕ್ಕಿತ್ತು: ಕೈಗೆ ಬರುವಷ್ಟರಲ್ಲೇ ಕೆಲವು ಬಾಗಿಲುಗಳು ಮುಚ್ಚಿರುತ್ತಿದ್ದವು.

ಪುಸ್ತಕದಿಂದ ಪರದೆಗೆ

ಅಂತರ್ಜಾಲ ಬಂದಾಗ ಈ ದೋಷ ನೀಗುವುದೆಂದು ಎಲ್ಲರೂ ಎಣಿಸಿದರು. ಆಸ್ಟ್ರೇಲಿಯದ ಸರಕಾರ 2001ರಲ್ಲಿ ದೇಶದ ಸಾರ್ವಜನಿಕ ಶೌಚಾಲಯಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ತೆರೆಯಿತು. ಅದನ್ನು ಮಾಡಿಸಿದ್ದು ಪ್ರವಾಸೋದ್ಯಮದವರಲ್ಲ, ಆರೋಗ್ಯ ಇಲಾಖೆಯವರು. ಮೂತ್ರ ತಡೆಯಲಾಗದ ತೊಂದರೆಯಿರುವವರು ಮನೆಯಿಂದ ಹೊರಬೀಳಲು ಹೆದರುತ್ತಾರೆ, ಹೆದರಿ ಒಂಟಿಯಾಗುತ್ತಾರೆ. ಅವರಿಗೆ ಧೈರ್ಯ ಕೊಡುವ ಕಾರ್ಯಕ್ರಮದ ಭಾಗ ಅದು. ಎಷ್ಟು ಗಂಟೆಗೆ ತೆರೆಯುತ್ತದೆ, ಗಾಲಿಕುರ್ಚಿ ಹೋಗುವುದೇ, ಕೂಸಿನ ಬಟ್ಟೆ ಬದಲಿಸಲು ಜಾಗವಿದೆಯೇ ಎಂಬುದೆಲ್ಲ ಅದರಲ್ಲಿದೆ. ಇಂದು ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಸ್ಥಳಗಳಿವೆ.

ಅದೇ ಆಸ್ಟ್ರೇಲಿಯದಲ್ಲಿ, ಒಂದು ವರ್ಷ ಮೊದಲು, ಈ ಚರಿತ್ರೆಯ ಅತ್ಯಂತ ಮುಖ್ಯವಾದ ಮೊಕದ್ದಮೆ ನಡೆಯಿತು. ಬ್ರೂಸ್ ಮಗ್ವಾಯರ್ ಹುಟ್ಟುಗುರುಡರು. ಪರದೆಯ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಾಗಿ ಬೆರಳಿಗೆ ಮುಟ್ಟಿಸುವ ಯಂತ್ರದಿಂದ ಕಂಪ್ಯೂಟರ್ ಬಳಸುತ್ತಿದ್ದರು. 2000ದ ಸಿಡ್ನಿ ಒಲಿಂಪಿಕ್ಸಿನ ಜಾಲತಾಣದಲ್ಲಿ ಚಿತ್ರಗಳಿಗೆ ಅಕ್ಷರದ ವಿವರಣೆಯಿರಲಿಲ್ಲ, ಆಟಗಳ ಪಟ್ಟಿ ಅವರ ಬೆರಳಿಗೆ ಸಿಗುವಂತಿರಲಿಲ್ಲ. 1999ರಲ್ಲಿ ಮಾನವಹಕ್ಕುಗಳ ಆಯೋಗಕ್ಕೆ ದೂರಿತ್ತರು. ಸಂಘಟಕರು ಕೊಟ್ಟ ಉತ್ತರ: ಸರಿಪಡಿಸಲು 20 ಲಕ್ಷ ಡಾಲರಿಗೂ ಮಿಕ್ಕ ಖರ್ಚು, ಒಬ್ಬನಿಗೆ ವರ್ಷಕ್ಕೂ ಹೆಚ್ಚಿನ ಕೆಲಸ. ತಜ್ಞರ ಸಾಕ್ಷ್ಯದಲ್ಲಿ ಅದು ಕೆಲವರು ಸೇರಿ ಕೆಲವೇ ವಾರಗಳಲ್ಲಿ ಮುಗಿಸಬಹುದಾದ ಕೆಲಸವೆಂದು ತಿಳಿಯಿತು. 2000ದ ಆಗಸ್ಟಿನಲ್ಲಿ ತೀರ್ಪು ಮಗ್ವಾಯರರ ಪರವಾಯಿತು. ಪೂರ್ತಿ ಸರಿಪಡಿಸದ ತಪ್ಪಿಗೆ ಬಳಿಕ ಅವರಿಗೆ 20 ಸಾವಿರ ಡಾಲರ್ ಪರಿಹಾರವನ್ನೂ ತೆರಬೇಕಾಯಿತು. ಮೊದಲೇ ಯೋಚಿಸಿದ್ದರೆ ಬಹುತೇಕ ಬಿಟ್ಟಿಯಾಗಿ ಆಗುತ್ತಿದ್ದ ಕೆಲಸ, ಮನೆ ಕಟ್ಟಿದ ಮೇಲೆ ತಳಪಾಯ ಸರಿಮಾಡುವಂತಾಯಿತು.

2007ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪೌರಸಭೆ ಇನ್ನೊಂದು ಪ್ರಯೋಗ ಮಾಡಿತು. ಗೇಲ್ ನೈಟ್ ಎಂಬ ವಿನ್ಯಾಸದ ವಿದ್ಯಾರ್ಥಿನಿಯ ಕಲ್ಪನೆ ಅದು. ಯಾವುದೇ ಸಾದಾ ಮೊಬೈಲಿನಿಂದ 'ಟಾಯ್ಲೆಟ್' ಎಂಬ ಒಂದೇ ಪದವನ್ನು ಎಸ್ಸೆಮ್ಮೆಸ್ ಮಾಡಿದರೆ, ಸಮೀಪದ ಶೌಚಾಲಯದ ವಿಳಾಸ ಮರಳಿ ಬರುತ್ತಿತ್ತು. ನಕ್ಷೆಯಿಲ್ಲ, ಚುಕ್ಕೆಯಿಲ್ಲ, ಓಟಿಪಿಯಿಲ್ಲ. ಈಗಿನ ಭಾರೀ ಆ್ಯಪ್‌ಗಳನ್ನು ನೋಡಿದಾಗ, ನಮ್ಮ ಚಹಾದವನಿಗೆ ಅತ್ಯಂತ ಹತ್ತಿರ ಬಂದದ್ದು ಆ ಎಸ್ಸೆಮ್ಮೆಸ್ಸೇ ಎಂದು ನನಗನ್ನಿಸುತ್ತದೆ. ಗೇಲ್ ಮುಂದೆ ಬ್ರಿಟನ್ನಿನ ಇಡೀ ಶೌಚಾಲಯಗಳ ನಕ್ಷೆ ಮಾಡುವ ಕೆಲಸದಲ್ಲೂ ತೊಡಗಿದರು.

2010ರಲ್ಲಿ ಬರ್ಲಿನ್ನಿನ ರಾವುಲ್ ಕ್ರೌಟ್‌ಹೌಸೆನ್ ಎಂಬವರು 'ವೀಲ್‌ಮ್ಯಾಪ್' ಆರಂಭಿಸಿದರು. ಅವರು ಗಾಲಿಕುರ್ಚಿಯಲ್ಲಿ ಓಡಾಡುವವರು. ಗೆಳೆಯನೊಡನೆ ಯಾವಾಗಲೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು ಬೇಸರ ಬಂದಿತ್ತಂತೆ; ಬೇರೆ ಯಾವುದಕ್ಕೆ ಮೆಟ್ಟಿಲಿಲ್ಲವೆಂದು ತಿಳಿಯುವ ದಾರಿಯಿರಲಿಲ್ಲ. ಅವರ ನಕ್ಷೆಯಲ್ಲಿ ಯಾರು ಬೇಕಾದರೂ ಗುರುತು ಹಾಕಬಹುದು. ಹೋಗಬಹುದಾದದ್ದು ಹಸಿರು, ಅರೆಬರೆ ಹಳದಿ, ಆಗದ್ದು ಕೆಂಪು. ಯಾರೂ ನೋಡಿರದದ್ದು ಬೂದು. ಈ ಬೂದು ಬಣ್ಣದ ಪ್ರಾಮಾಣಿಕತೆ ನನಗೆ ಮೆಚ್ಚಿಗೆ. 'ನನಗೆ ಗೊತ್ತಿಲ್ಲ' ಎಂದು ಹೇಳಬಲ್ಲ ಯಂತ್ರ ಕಾಕಾನಂಥವರನ್ನು ಬೀಗದ ಬಾಗಿಲಿಗೆ ನಡೆಸುವುದಿಲ್ಲ.

ಆ್ಯಪ್ ಹೇಗಿರಬೇಕು?

ಈಗ ಆ್ಯಪ್ ವಿಷಯಕ್ಕೆ ಬರೋಣ. 2009ರಲ್ಲಿ ಐಫೋನಿನಲ್ಲಿ 'ವಾಯ್ಸ್‌ಓವರ್' ಎಂಬ ಓದುಗ ಬಂತು, ಆಂಡ್ರಾಯ್ಡ್ ಫೋನಿಗೆ ಅದೇ ವರ್ಷ 'ಟಾಕ್‌ಬ್ಯಾಕ್'. ಗಾಜಿನ ನುಣುಪು ಪರದೆಯ ಮೇಲೆ ಬೆರಳಾಡಿಸಿದರೆ ಬೆರಳಡಿ ಏನಿದೆಯೆಂದು ಫೋನೇ ಓದಿ ಹೇಳುತ್ತದೆ. ಅಂಧರ ಪಾಲಿಗೆ ಇದೊಂದು ಕ್ರಾಂತಿ. ಆದರೆ ಅದು ಓದುವುದು ಆ್ಯಪ್ ಮಾಡಿದವರು ಹೆಸರಿಟ್ಟದ್ದನ್ನು ಮಾತ್ರ. ಹೆಸರಿಡದಿದ್ದರೆ 'ಬಟನ್, ಬಟನ್, ಬಟನ್' ಎಂದಷ್ಟೇ ಹೇಳುತ್ತದೆ. ಯಾವುದು ಹುಡುಕುವ ಗುಂಡಿ, ಯಾವುದು ಅಳಿಸುವ ಗುಂಡಿ? ಮತ್ತೆ 1852ರ 'ನಿರೀಕ್ಷಣಾ ಕೊಠಡಿ'ಯ ಕತೆಯೇ.

ಜಾಲತಾಣಗಳ ಸುಗಮತೆಯ ನಿಯಮಾವಳಿಯ ಮೊದಲ ಆವೃತ್ತಿ 1999ರಲ್ಲಿ ಹೊರಬಂತು. ಎರಡನೆಯದು 2008ರಲ್ಲಿ, ಅದರ ತಿದ್ದುಪಡಿಗಳು 2018 ಮತ್ತು 2023ರಲ್ಲಿ. ಪುಟಗಟ್ಟಲೆ ಇರುವ ಆ ನಿಯಮಗಳ ಪೈಕಿ ಸೌಕರ್ಯ ಹುಡುಕುವ ಆ್ಯಪ್‌ಗೆ ಬೇಕಾದ ಮುಖ್ಯಾಂಶಗಳನ್ನು ನನ್ನ ಅನುಭವದೊಡನೆ ಕಲಸಿ ಹೇಳುತ್ತೇನೆ.

ಮೊದಲನೆಯದಾಗಿ, ನಕ್ಷೆಯ ಜೊತೆಗೆ ಪಟ್ಟಿಯೂ ಬೇಕು. ನಕ್ಷೆಯೆಂಬುದು ಚಿತ್ರ. ಅಂಧನಿಗೆ ಅದು ಖಾಲಿ ಗೋಡೆ, ಮಂಜುಗಣ್ಣಿನವರಿಗೆ ಗೋಜಲು, ನಕ್ಷೆ ಓದಿ ಅಭ್ಯಾಸವಿಲ್ಲದ ಲಕ್ಷಾಂತರ ಜನರಿಗೆ ಒಗಟು. 'ಔಷಧದಂಗಡಿಯ ಪಕ್ಕ, 50 ಮೀಟರು, ಈಗ ತೆರೆದಿದೆ' ಎಂಬ ಒಂದು ಸಾಲು ಎಲ್ಲರಿಗೂ ತಿಳಿಯುತ್ತದೆ, ಓದುಗಯಂತ್ರಕ್ಕೂ ತಿಳಿಯುತ್ತದೆ.

ಎರಡನೆಯದು, ಬಣ್ಣವೊಂದನ್ನೇ ನಂಬಬಾರದು. ಕೆಂಪು-ಹಸಿರು ಭೇದ ತಿಳಿಯದ ಗಂಡಸರು ನಾವೆಣಿಸುವುದಕ್ಕಿಂತ ಹೆಚ್ಚಿದ್ದಾರೆ. ಅವರ ಪಾಲಿಗೆ ನನ್ನ ಫೋನಿನ ಎಲ್ಲ ಚುಕ್ಕೆಗಳೂ ಒಂದೇ ಮಣ್ಣಿನ ಬಣ್ಣ. ಬಣ್ಣದ ಜೊತೆ 'ತೆರೆದಿದೆ', 'ಮುಚ್ಚಿದೆ' ಎಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಮೂರನೆಯದು ಗಾತ್ರ. ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ವ್ಯತ್ಯಾಸವಿರಬೇಕು. ನಿಯಮ ಹೇಳುವ ಪ್ರಮಾಣ ಸಾಮಾನ್ಯ ಅಕ್ಷರಕ್ಕೆ 4.5ಕ್ಕೆ 1. ಬೂದಿಯ ಮೇಲೆ ಬಿಳಿ ಬರೆದರೆ ಸೊಗಸು ಕಂಡೀತು, ಓದಲಾಗದು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಪುಟ ಹರಿದು ಚೂರಾಗಬಾರದು. ಗುಂಡಿಗಳು ನಡುಗುವ ಬೆರಳಿಗೂ ಸಿಗಬೇಕು. ಪಾರ್ಕಿನ್‌ಸನ್ ರೋಗದವರಿಗೆ ಇದು ಶಿಷ್ಟಾಚಾರದ ಪ್ರಶ್ನೆಯಲ್ಲ, ಫೋನು ಬಳಸುವುದೋ ಬಿಡುವುದೋ ಎಂಬ ಪ್ರಶ್ನೆ.

ನಾಲ್ಕನೆಯದು, ಬಾಗಿಲಲ್ಲೇ ಬಾಗಿಲು ಹಾಕಬಾರದು. ಶೌಚಾಲಯ ಹುಡುಕುವವನ ಫೋನ್ ನಂಬರು ಯಾರಿಗೇಕೆ? ಅವಸರದ ಹೊತ್ತಿನಲ್ಲಿ ಆರು ಅಂಕಿ ಒತ್ತು ಎನ್ನುವುದು ಕ್ರೌರ್ಯವೇ ಸರಿ.

ಐದನೆಯದು ಎಲ್ಲಕ್ಕಿಂತ ದೊಡ್ಡದು, ಸತ್ಯ. ಈ ಮಾಹಿತಿಯನ್ನು ಯಾರು, ಯಾವ ದಿನ ನೋಡಿ ಬರೆದರು ಎಂದು ತೋರಿಸಬೇಕು. 'ಅಂಗವಿಕಲರಿಗೆ ಅನುಕೂಲ' ಎಂಬ ಒಂದು ಪದ ಸಾಲದು. ಎಷ್ಟು ಮೆಟ್ಟಿಲು, ಬಾಗಿಲೆಷ್ಟು ಅಗಲ, ಹಿಡಿಕೆಯಿದೆಯೇ, ಇಷ್ಟು ಹೇಳಿದರೆ ಸಾಕು. ತನಗೆ ಆಗುವುದೋ ಇಲ್ಲವೋ ಎಂಬ ತೀರ್ಮಾನವನ್ನು ಬಳಸುವವನೇ ಮಾಡಿಕೊಳ್ಳುತ್ತಾನೆ.

ನೋಡಿದರೆ, ಇದರಲ್ಲಿ ಯಾವುದೂ ಬರೀ ಅಂಗವಿಕಲರಿಗೆ ಮೀಸಲಾದದ್ದಲ್ಲ. ಬಿಸಿಲಲ್ಲಿ ಪರದೆ ಕಾಣದ ಎಳೆಯನಿಗೂ, ಕಂಕುಳಲ್ಲಿ ಕೂಸಿರುವ ತಾಯಿಗೂ, ಊರು ಹೊಸದಾದ ಪ್ರವಾಸಿಗೂ ಇವೇ ಬೇಕು.

ನಮ್ಮಲ್ಲಿ

ನಮ್ಮ ದೇಶದಲ್ಲಿ ಏನೂ ಆಗಿಲ್ಲವೆನ್ನುವುದು ತಪ್ಪು. 1970ರಲ್ಲಿ ಬಿಂದೇಶ್ವರ ಪಾಠಕರು ಬಿಹಾರದಲ್ಲಿ 'ಸುಲಭ್' ಸಂಸ್ಥೆ ಕಟ್ಟಿದರು. ಹಣ ಕೊಟ್ಟು ಬಳಸುವ ಶುಚಿಯಾದ ಶೌಚಾಲಯ ನಮ್ಮ ಜನಕ್ಕೂ ಬೇಕೆಂದು ತೋರಿಸಿಕೊಟ್ಟರು. 2016ರ ಡಿಸೆಂಬರಿನಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯವೂ ಗೂಗಲ್ ಕಂಪನಿಯೂ ಸೇರಿ ದೆಹಲಿಯ ಸುತ್ತಮುತ್ತ, ಇಂದೋರ್, ಭೋಪಾಲಗಳಲ್ಲಿ ಶೌಚಾಲಯಗಳನ್ನು ನಕ್ಷೆಯಲ್ಲಿ ತೋರಿಸತೊಡಗಿದವು. ಬಳಿಕ ಅದು ಬೇರೆ ನಗರಗಳಿಗೂ ಹಬ್ಬಿತು.

ಕಾನೂನೂ ಬೆಳೆದಿದೆ. 1995ರ ಕಾಯಿದೆಯ ಜಾಗದಲ್ಲಿ 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯಿದೆ ಬಂತು. ಆದರೆ ಸುಗಮತೆಯ ನಿಯಮಗಳು ಕಡ್ಡಾಯವೋ ಬರೀ ಸಲಹೆಯೋ ಎಂಬುದು ಸ್ಪಷ್ಟವಿರಲಿಲ್ಲ. ದೃಷ್ಟಿಯಿಲ್ಲದ ರಾಜೀವ್ ರತುರಿಯವರು 2005ರಲ್ಲೇ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ತೀರ್ಪಿತ್ತು, ಕಡ್ಡಾಯವಾದ ನಿಯಮಗಳನ್ನು ರಚಿಸಿರೆಂದು ಆಜ್ಞಾಪಿಸಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ಪ್ರಜ್ಞಾ ಪ್ರಸೂನ್ ಅವರ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ್ಯಸಿಡ್ ದಾಳಿಯಿಂದ ಕಣ್ಣುರೆಪ್ಪೆ ಕಳಕೊಂಡವರಿಗೆ 'ಕಣ್ಣು ಮಿಟುಕಿಸಿ' ಎಂದು ಯಂತ್ರ ಹೇಳಿದರೆ ಅವರು ಬ್ಯಾಂಕಿನ ಖಾತೆ ತೆರೆಯುವುದು ಹೇಗೆ? ಡಿಜಿಟಲ್ ಸೌಲಭ್ಯವನ್ನು ಬಳಸುವ ಅವಕಾಶ ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಸಾರಿತು.

ಕನ್ನಡದ ಮಾತೂ ಒಂದಿದೆ. ಮೈಕೇಲ್ ಕರ್ರನ್, ಜೇಮ್ಸ್ ಟೆಹ್ ಎಂಬ ಇಬ್ಬರು ಅಂಧ ತರುಣರು ಆಸ್ಟ್ರೇಲಿಯದಲ್ಲಿ ರೂಪಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಯುನಿಕೋಡ್ ಅಕ್ಷರಗಳನ್ನು ಮಾತ್ರ. ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಅದರ ಕಿವಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಂತೆ. ಅಕ್ಷರಗಳನ್ನು ಫೋಟೋ ಮಾಡಿ ವಾಟ್ಸಾಪಿನಲ್ಲಿ ಹಂಚಿದರೆ ಅದೂ ಇಲ್ಲ. ಸಂಘಸಂಸ್ಥೆಗಳ ಆಮಂತ್ರಣ ಪತ್ರಿಕೆಗಳು ಬರುವುದೇ ಫೋಟೋ ಆಗಿ. ನಾಡಹಬ್ಬ ಯಾವ ಸಭಾಗೃಹದಲ್ಲಿ, ಎಷ್ಟು ಗಂಟೆಗೆ, ಅಲ್ಲಿ ಲಿಫ್ಟು ಇದೆಯೇ ಎಂದು ಕಣ್ಣಿಲ್ಲದ ಕನ್ನಡಿಗನಿಗೆ ಯಾರು ಓದಿ ಹೇಳಬೇಕು? ಬೇರೆಯವರ ಆ್ಯಪನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ಗುಡಿಸಿಕೊಳ್ಳೋಣ. ಆಮಂತ್ರಣದ ಚಿತ್ರದ ಕೆಳಗೆ ನಾಲ್ಕು ಸಾಲು ಟೈಪು ಮಾಡಲು ಎರಡು ನಿಮಿಷ ಸಾಕು.

ಮುಕ್ತ ನಕ್ಷೆಗಳಲ್ಲಿ ಯಾರು ಬೇಕಾದರೂ ಮಾಹಿತಿ ತುಂಬಬಹುದು ಎಂದೆನಲ್ಲ. ನಮ್ಮ ವಾಚಕರು ಡೊಂಬಿವಲಿಯಿಂದ ವಿರಾರದ ತನಕ, ಪನವೇಲಿನಿಂದ ಕೊಲಾಬಾದ ತನಕ ಹರಡಿದ್ದಾರೆ. ಒಬ್ಬೊಬ್ಬರು ತಮ್ಮ ಮನೆಯ ಬಳಿಯ ಒಂದೊಂದು ಸಾರ್ವಜನಿಕ ಶೌಚಾಲಯವನ್ನು ನೋಡಿ, ಅದರ ಮೆಟ್ಟಿಲೆಣಿಸಿ, ಹೊತ್ತು ಬರೆದು ಹಾಕಿದರೆ ಯಾವ ಸರಕಾರಕ್ಕೂ ಕಾಯಬೇಕಾಗಿಲ್ಲ. ದಾದರಿನ ಆ ಗಲ್ಲಿಯ ಬಾಗಿಲನ್ನು ನಾನು ಆಗಲೇ ಸೇರಿಸಿದ್ದೇನೆ. 'ಒಂದು ಮೆಟ್ಟಿಲು, ಹಿಡಿಕೆಯಿಲ್ಲ, ಚಿಲ್ಲರೆ ಬೇಕು' ಎಂದು ಬರೆದೆ, ನೋಡಿದ ತಾರೀಕನ್ನೂ ಹಾಕಿದೆ.

ಕಾಕಾ ಧಾರವಾಡಕ್ಕೆ ಹೊರಡುವ ದಿನ ಅದನ್ನು ಫೋನಿನಲ್ಲಿ ಜೋರಾಗಿ ಓದಿಸಿ ಕೇಳಿಸಿದೆ. ಕಿವಿಗೊಟ್ಟು ಕೇಳಿ, ತಲೆದೂಗಿ ಅಂದರು:

"ಹಾಂ, ಈಗ ನಿನ್ನ ಡಬ್ಬಿ ಚಾದಂವನಂಗ ಮಾತಾಡ್ಲಿಕತ್ತದ ನೋಡು. ಇನ್ನ ಒಂದೇ ಬಾಗಲಾ ಆತು. ಉಳದದ್ದು ಯಾವಾಗ ಬರಿಯಾಂವ?"